ಬೊಜ್ಜಿಗಲ್ಲ, ಬಲವಿಲ್ಲದ ಕಾಲಿಗೆ

ತೂಕ ನೋಡುವ ಯಂತ್ರಕ್ಕಿಂತ ತುಸು ದೊಡ್ಡದಾದ ಒಂದು ಹಲಗೆ, ಅದರೊಳಗೊಂದು ಮೋಟಾರು. ಸ್ವಿಚ್ ಒತ್ತಿದರೆ ಸೆಕೆಂಡಿಗೆ 20ರಿಂದ 40 ಬಾರಿ ಅದುರುತ್ತದೆ. ಮೇಲೆ ನಿಂತವರ ಪಾದ, ಮೀನಖಂಡ, ತೊಡೆ, ಸೊಂಟ ಎಲ್ಲವೂ ಅದರ ಜೊತೆ ನಡುಗುತ್ತವೆ. ವೈಬ್ರೇಷನ್ ಪ್ಲೇಟ್ ಎಂದು ಕರೆಯುವ ಈ ಸಾಧನ ಮೊದಲು ಜಿಮ್‌ಗಳ ಮೂಲೆಯಲ್ಲಿತ್ತು, ಆಮೇಲೆ ತೂಕ ಇಳಿಸುವ ಕೇಂದ್ರಗಳಿಗೆ ಬಂತು, ಈಗ ಆನ್‌ಲೈನ್ ಅಂಗಡಿಗಳ ಮೂಲಕ ಮನೆಯ ಹಜಾರಕ್ಕೂ ಬರುತ್ತಿದೆ. ಅದರ ಜೊತೆ ಬರುವ ಮಾತು ಮಾತ್ರ ಎಲ್ಲ ಕಡೆ ಒಂದೇ: ದಿನಕ್ಕೆ ಹತ್ತು ನಿಮಿಷ ಸುಮ್ಮನೆ ನಿಂತುಕೊಳ್ಳಿ, ಬೊಜ್ಜು ತಾನಾಗಿ ಕರಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದ ಹೆಂಗಸರಲ್ಲೂ ಗಂಡಸರಲ್ಲೂ ಶೇ 30ರಷ್ಟು ಮಂದಿಯ ತೂಕ ಇರಬೇಕಾದ್ದಕ್ಕಿಂತ ಹೆಚ್ಚು ಎಂದು ಕಂಡುಬಂದಿತ್ತು. ಇಂಥ ನಾಡಿನಲ್ಲಿ ಆ ಮಾತಿಗೆ ಕಿವಿಗೊಡುವವರು ಕಡಿಮೆ ಇರಲಾರರು. ಈ ಯಂತ್ರವನ್ನು ಬರೀ ಬುರುಡೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ಅದರ ಹಿಂದೆ ನಿಜವಾದ ವಿಜ್ಞಾನವಿದೆ. ಆದರೆ ಆ ವಿಜ್ಞಾನ ಹೇಳುವುದು ಒಂದು, ಮಾರಾಟಗಾರರು ಹೇಳುವುದು ಇನ್ನೊಂದು. ಕೊಬ್ಬಿನ ವಿಷಯದಲ್ಲಿ ಈ ಯಂತ್ರದ ಸಾಕ್ಷ್ಯ ಬಹಳ ಬಡವಾದದ್ದು. ಸ್ನಾಯುವಿನ ವಿಷಯದಲ್ಲಿ, ಅದರಲ್ಲೂ ಬೇರೆ ವ್ಯಾಯಾಮ ಮಾಡಲಾಗದಷ್ಟು ಸೋತ ಕಾಲುಗಳ ವಿಷಯದಲ್ಲಿ, ಅದಕ್ಕೆ ಗೌರವಯುತವಾದ ಸಾಕ್ಷ್ಯವಿದೆ. ಯಾರಿಗೆ ಇದು ಬೇಡವೋ ಅವರಿಗೆ ಮಾರುತ್ತಿದ್ದೇವೆ, ಯಾರಿಗೆ ಬೇಕಾಗಬಹುದೋ ಅವರ ಹತ್ತಿರಕ್ಕೆ ಇದು ತಲುಪುತ್ತಲೇ ಇಲ್ಲ.

ದೇಹವನ್ನು ಯಂತ್ರದಿಂದ ಅಲುಗಾಡಿಸಿ ಆರೋಗ್ಯ ತರುವ ಆಸೆ ಇಂದಿನದಲ್ಲ. ಸ್ವೀಡನ್ನಿನ ವೈದ್ಯ ಗುಸ್ತಾವ್ ಸಾಂಡರ್ 1860ರ ದಶಕದಲ್ಲೇ ಸ್ಟಾಕ್‌ಹೋಮ್‌ನಲ್ಲಿ ಯಂತ್ರ ಚಿಕಿತ್ಸೆಯ ಸಂಸ್ಥೆಯೊಂದನ್ನು ತೆರೆದಿದ್ದರು, ಅದರ ಸಾಧನಗಳಲ್ಲಿ ದೇಹಕ್ಕೆ ಕಂಪನ ಕೊಡುವಂಥವೂ ಇದ್ದವು. ಅಮೆರಿಕದ ಬ್ಯಾಟಲ್ ಕ್ರೀಕ್‌ನಲ್ಲಿ ಜಾನ್ ಹಾರ್ವೆ ಕೆಲಾಗ್ ಅವರ ಆರೋಗ್ಯಧಾಮದಲ್ಲಿ ನಡುಗುವ ಕುರ್ಚಿಗಳಿದ್ದವು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಸೊಂಟಕ್ಕೆ ಪಟ್ಟಿ ಕಟ್ಟಿ ಜೋರಾಗಿ ಅಲ್ಲಾಡಿಸುವ ಯಂತ್ರಗಳು ಬಂದವು. ಪಟ್ಟಿ ಎಲ್ಲಿ ಉಜ್ಜುತ್ತದೋ ಅಲ್ಲಿನ ಕೊಬ್ಬು ಹೋಗುತ್ತದೆಂದು ಜನ ನಂಬಿದರು, ಕೊಬ್ಬು ಹೋಗಲಿಲ್ಲ. ಇಂದಿನ ಪ್ಲೇಟ್‌ನ ವಂಶ ಬೇರೆ. 1980ರ ದಶಕದಲ್ಲಿ ಸೋವಿಯತ್ ಒಕ್ಕೂಟದ ವ್ಲಾದಿಮಿರ್ ನಜಾರೊವ್ ಕ್ರೀಡಾಪಟುಗಳ ಸ್ನಾಯುಗಳಿಗೆ ಕಂಪನ ಕೊಟ್ಟು ಬಲ ಹೆಚ್ಚಿಸುವ ಪ್ರಯೋಗ ನಡೆಸಿದರು. ಅಲ್ಲಿಂದ ಮುಂದೆ 1990ರ ದಶಕದ ಕೊನೆಯ ವರ್ಷಗಳಲ್ಲಿ ಜರ್ಮನಿಯ ಗೆಲಿಲಿಯೊ, ನೆದರ್‌ಲೆಂಡ್ಸ್‌ನ ಪವರ್ ಪ್ಲೇಟ್ ಮಾರುಕಟ್ಟೆಗೆ ಬಂದವು. ಹೊಸ ಯಂತ್ರ ಸ್ನಾಯುವಿಗೆಂದು ಹುಟ್ಟಿದ್ದು. ಆದರೆ ಅಂಗಡಿಗೆ ಬರುವ ಹೊತ್ತಿಗೆ ಆ ಹಳೆಯ ಸೊಂಟಪಟ್ಟಿಯ ಭರವಸೆ ಅದಕ್ಕೂ ಅಂಟಿಕೊಂಡಿತು.

ಹಲಗೆ ಅದುರಿದಾಗ ಕಾಲಿನೊಳಗೆ ಏನಾಗುತ್ತದೆ ಎಂಬುದನ್ನು ತುಸು ನಿಧಾನವಾಗಿ ನೋಡಬೇಕು. ನಮ್ಮ ಪ್ರತಿ ಸ್ನಾಯುವಿನೊಳಗೂ ಅದು ಎಷ್ಟು ಎಳೆಯಲ್ಪಟ್ಟಿದೆ ಎಂದು ಕ್ಷಣಕ್ಷಣಕ್ಕೂ ವರದಿ ಮಾಡುವ ಸೂಕ್ಷ್ಮ ತಂತುಗಳಿವೆ. ಸ್ನಾಯುವನ್ನು ಥಟ್ಟನೆ ಎಳೆದರೆ ಅವು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ, ಬೆನ್ನುಹುರಿ ಮಿದುಳಿನ ಅಪ್ಪಣೆಗೆ ಕಾಯದೆ ಆ ಸ್ನಾಯುವಿಗೆ ಬಿಗಿಯಾಗು ಎಂದು ಆದೇಶ ಕಳಿಸುತ್ತದೆ. ಮಂಡಿಯ ಕೆಳಗೆ ವೈದ್ಯರು ಸುತ್ತಿಗೆಯಿಂದ ತಟ್ಟಿದಾಗ ಕಾಲು ಹಾರುವುದೂ ಇದರಿಂದಲೇ. ಸ್ನಾಯುವಿಗೆ ಎಡೆಬಿಡದೆ ಕಂಪನ ಕೊಟ್ಟರೆ ಅದು ತಾನಾಗಿ ಬಿಗಿಯಾಗುತ್ತದೆಂದು ಸ್ವೀಡನ್ನಿನ ಹಾಗ್‌ಬಾರ್ತ್ ಮತ್ತು ಎಕ್ಲುಂಡ್ 1960ರ ದಶಕದಲ್ಲಿ ತೋರಿಸಿದರು. ಪ್ಲೇಟ್ ಮೇಲೆ ಮಂಡಿ ಬಾಗಿಸಿ ನಿಂತವರ ತೊಡೆ ಮತ್ತು ಮೀನಖಂಡ ಇದೇ ಬಗೆಯಲ್ಲಿ, ಅವರು ಬಯಸಲಿ ಬಿಡಲಿ, ಸೆಕೆಂಡಿಗೆ ಹತ್ತಾರು ಬಾರಿ ಎಳೆದು ಬಿಗಿಯುತ್ತಿರುತ್ತವೆ. ಹಾಗಾಗಿ ಪ್ಲೇಟ್ ಮೇಲೆ ನಿಂತವರು ಸುಮ್ಮನೆ ನಿಂತಿರುವುದಿಲ್ಲ ಎಂಬುದು ನಿಜ. ಆದರೆ ಎಲ್ಲ ಪ್ಲೇಟ್‌ಗಳೂ ಒಂದೇ ಅಲ್ಲ. ಕಂಪನದ ತೀವ್ರತೆ ನಿಂತಿರುವುದು ಎರಡು ಸಂಗತಿಗಳ ಮೇಲೆ, ಸೆಕೆಂಡಿಗೆ ಎಷ್ಟು ಬಾರಿ ಅದುರುತ್ತದೆ ಮತ್ತು ಪ್ರತಿಬಾರಿ ಎಷ್ಟು ಎತ್ತರಕ್ಕೆ ಅದುರುತ್ತದೆ. ಹಲಗೆ ಸೆಕೆಂಡಿಗೆ 30 ಬಾರಿ, ನಡುಬಿಂದುವಿನಿಂದ ಮೇಲಕ್ಕೂ ಕೆಳಕ್ಕೂ 2 ಮಿಲಿಮೀಟರ್‌ನಷ್ಟು ಅದುರಿದರೆ ಪಾದಕ್ಕೆ ತಟ್ಟುವ ಗರಿಷ್ಠ ವೇಗೋತ್ಕರ್ಷ ಗುರುತ್ವದ ಏಳು ಪಟ್ಟು. ಇನ್ನೊಂದು ಬಗೆಯ ಹಲಗೆ ಅದೇ ಸೆಕೆಂಡಿಗೆ 30 ಬಾರಿ, ಆದರೆ ಮಿಲಿಮೀಟರ್‌ನ ಹತ್ತರಲ್ಲೊಂದು ಭಾಗಕ್ಕಿಂತ ಕಡಿಮೆ ಅದುರುತ್ತದೆ. ಅಲ್ಲಿ ತೀವ್ರತೆ ಗುರುತ್ವದ ಶೇ 30 ಮಾತ್ರ, ನಿಂತವರಿಗೆ ಸಣ್ಣ ಝುಮ್ಮೆನ್ನುವಿಕೆಯಷ್ಟೇ. ಮೊದಲನೆಯದು ಸ್ನಾಯುವಿಗೆ ಕಸರತ್ತು, ಎರಡನೆಯದು ಮೂಳೆಯ ಜೀವಕೋಶಗಳಿಗೆ ಸನ್ನೆ. ಎರಡಕ್ಕೂ ಮಾರುಕಟ್ಟೆಯಲ್ಲಿ ಒಂದೇ ಹೆಸರು. ಒಂದರ ಮೇಲೆ ನಡೆದ ಸಂಶೋಧನೆಯನ್ನು ತೋರಿಸಿ ಇನ್ನೊಂದನ್ನು ಮಾರುವುದಕ್ಕೆ ಇದಕ್ಕಿಂತ ಒಳ್ಳೆಯ ಅನುಕೂಲ ಬೇಕಿಲ್ಲ.

ಈಗ ಬೊಜ್ಜಿನ ವಿಷಯಕ್ಕೆ ಬರೋಣ. ಪ್ಲೇಟ್‌ನ ಪರವಾಗಿ ಹೆಚ್ಚಾಗಿ ಮುಂದಿಡುವ ಸಂಶೋಧನೆಗಳಲ್ಲಿ ಒಂದು, ಅಮೆರಿಕದ ಜಾರ್ಜಿಯಾ ರಾಜ್ಯದ ಅಗಸ್ಟಾ ವಿಶ್ವವಿದ್ಯಾಲಯದವರು 2017ರಲ್ಲಿ ಎಂಡೋಕ್ರಿನಾಲಜಿ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಮೇಗನ್ ಮೆಕ್‌ಗೀ-ಲಾರೆನ್ಸ್ ಮತ್ತು ಸಂಗಡಿಗರು ಲೆಪ್ಟಿನ್ ಎಂಬ ಹಾರ್ಮೋನಿನ ಸಂದೇಶವನ್ನು ಗ್ರಹಿಸಲಾಗದ ಗಂಡು ಇಲಿಗಳನ್ನು ಆರಿಸಿಕೊಂಡರು. ಸಾಕು ಎಂಬ ಸೂಚನೆ ಮಿದುಳಿಗೆ ಮುಟ್ಟದ ಕಾರಣ ಇವು ತಿನ್ನುತ್ತಲೇ ಇರುತ್ತವೆ, ದಪ್ಪವಾಗುತ್ತವೆ, ಸಕ್ಕರೆ ಕಾಯಿಲೆಗೆ ಗುರಿಯಾಗುತ್ತವೆ. ಮೂರು ತಿಂಗಳ ಕಾಲ ಕೆಲವಕ್ಕೆ ದಿನವೂ 20 ನಿಮಿಷ ಕಂಪನ, ಕೆಲವಕ್ಕೆ 45 ನಿಮಿಷ ಟ್ರೆಡ್‌ಮಿಲ್ ಓಟ, ಉಳಿದವಕ್ಕೆ ಏನೂ ಇಲ್ಲ. ಕೊನೆಯಲ್ಲಿ ನೋಡಿದರೆ ಓಡಿದ ಇಲಿಗಳಲ್ಲೂ ನಡುಗಿದ ಇಲಿಗಳಲ್ಲೂ ರಕ್ತದ ಸಕ್ಕರೆಯ ನಿಯಂತ್ರಣ ಒಂದೇ ಮಟ್ಟಕ್ಕೆ ಸುಧಾರಿಸಿತ್ತು, ಸ್ನಾಯುವಿನ ಎಳೆಗಳ ದಪ್ಪ ಸಹಜ ಸ್ಥಿತಿಗೆ ಬಂದಿತ್ತು, ಪಿತ್ತಜನಕಾಂಗದ ಕೊಬ್ಬು ಇಳಿದಿತ್ತು, ತೂಕವೂ ಕಡಿಮೆಯಿತ್ತು. ಗಂಭೀರವಾದ, ಅಚ್ಚುಕಟ್ಟಾದ ಅಧ್ಯಯನ ಅದು. ಕಂಪನ ವ್ಯಾಯಾಮದಷ್ಟೇ ಒಳ್ಳೆಯದು ಎಂದು ಅದರ ಸುದ್ದಿ ಲೋಕದಾದ್ಯಂತ ಹರಡಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಸುದ್ದಿ ಓದಿದವರು ಎರಡು ವಿಷಯ ಗಮನಿಸಬೇಕಿತ್ತು. ಲೆಪ್ಟಿನ್ ಸಂದೇಶ ಮುಟ್ಟದಂಥ ಅನುವಂಶಿಕ ದೋಷ ಮನುಷ್ಯರಲ್ಲಿ ತೀರ ಅಪರೂಪ, ನಮ್ಮ ಬೊಜ್ಜಿನ ಕಾರಣ ಅದಲ್ಲ. ಎರಡನೆಯದಾಗಿ, ನಾಲ್ಕು ಕಾಲಿನ ಪುಟ್ಟ ಪ್ರಾಣಿ ಹಲಗೆಯ ಮೇಲಿದ್ದರೆ ಹೊಟ್ಟೆ ಹಲಗೆಗೆ ತಾಗಿದಷ್ಟು ಹತ್ತಿರ, ಕಂಪನ ಇಡೀ ಮೈಗೆ ಮುಟ್ಟುತ್ತದೆ. ಮನುಷ್ಯ ಎರಡು ಕಾಲಿನ ಮೇಲೆ ನಿಲ್ಲುವವನು. ಪಾದ, ಮಂಡಿ, ಸೊಂಟದ ಕೀಲುಗಳು ದಾರಿಯುದ್ದಕ್ಕೂ ಕಂಪನವನ್ನು ನುಂಗಿಕೊಳ್ಳುತ್ತವೆ, ಹೊಟ್ಟೆಗೆ ಬರುವ ಹೊತ್ತಿಗೆ ಅದರ ಬಹುಪಾಲು ಕಳೆದುಹೋಗಿರುತ್ತದೆ.

ಅದಕ್ಕೂ ಹತ್ತು ವರ್ಷ ಹಿಂದೆ, 2007ರಲ್ಲಿ, ನ್ಯೂಯಾರ್ಕ್‌ನ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಕ್ಲಿಂಟನ್ ರೂಬಿನ್ ತಂಡ ಪ್ರಕಟಿಸಿದ ಇನ್ನೊಂದು ಇಲಿ ಪ್ರಯೋಗವೂ ಇದೇ ಬಗೆಯಲ್ಲಿ ಅಪಾರ್ಥಕ್ಕೆ ಒಳಗಾಗಿದೆ. ಎಳೆಯ ಇಲಿಗಳಿಗೆ 15 ವಾರ, ದಿನಕ್ಕೆ 15 ನಿಮಿಷ, ಮೈಗೆ ತಾಗದಷ್ಟು ಮೆಲುವಾದ ಕಂಪನ ಕೊಟ್ಟಾಗ ಅವುಗಳ ಕೊಬ್ಬಿನ ಬೆಳವಣಿಗೆ ಶೇ 27ರಷ್ಟು ಕಡಿಮೆಯಾಯಿತು. ಮೂಲ ಜೀವಕೋಶಗಳು ಕೊಬ್ಬಿನ ಕೋಶಗಳಾಗುವ ದಾರಿಯನ್ನು ಬಿಟ್ಟು ಮೂಳೆಯ ದಾರಿ ಹಿಡಿಯುವಂತೆ ಕಂಪನ ಮಾಡಿತೆಂಬುದು ಸಂಶೋಧಕರ ವಿವರಣೆ. ಬಹಳ ಚೆಲುವಾದ ವಿವರಣೆಯದು. ಆದರೆ ಅದು ಹೇಳುವುದು ಬೆಳೆಯುತ್ತಿರುವ ದೇಹದಲ್ಲಿ ಹೊಸ ಕೊಬ್ಬಿನ ಕೋಶ ಹುಟ್ಟುವುದು ತಗ್ಗಿತು ಎಂದು. ನಲವತ್ತೈದರ ವಯಸ್ಸಿನಲ್ಲಿ ಸೊಂಟದ ಸುತ್ತ ಆಗಲೇ ಕೂತಿರುವ ಕೊಬ್ಬು ಕರಗುತ್ತದೆ ಎಂದು ಅದು ಎಲ್ಲೂ ಹೇಳುವುದಿಲ್ಲ. ತಡೆಯುವುದಕ್ಕೂ ಕರಗಿಸುವುದಕ್ಕೂ ಇರುವ ಈ ಅಂತರವೇ ಜಾಹೀರಾತಿನಲ್ಲಿ ಅಳಿಸಿಹೋಗಿರುವುದು.

ಮನುಷ್ಯರ ಮೇಲೆ ಪ್ರಯೋಗ ನಡೆದಾಗ ಏನಾಯಿತು? ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಮಚ್ಟೆಲ್ಡ್ ರೂಲಾಂಟ್ಸ್ ಮತ್ತು ಸಂಗಡಿಗರು ವ್ಯಾಯಾಮದ ರೂಢಿಯಿಲ್ಲದ ಯುವತಿಯರಿಗೆ 24 ವಾರ ಕಂಪನ ವ್ಯಾಯಾಮ ಮಾಡಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ತೂಕ ಇಳಿಯಲಿಲ್ಲ, ಒಟ್ಟು ಕೊಬ್ಬು ಇಳಿಯಲಿಲ್ಲ. ಬದಲಾದದ್ದು ಕೊಬ್ಬಲ್ಲದ ಭಾಗ, ಅದು ಶೇ 2ಕ್ಕಿಂತ ತುಸು ಹೆಚ್ಚಿತು. ಕಾಲಿನ ಬಲವೂ ಹೆಚ್ಚಿತು. ಆರು ತಿಂಗಳ ಶ್ರಮದ ಬಳಿಕ ಯಂತ್ರ ತಾನು ಏನು ಮಾಡಬಲ್ಲೆ, ಏನು ಮಾಡಲಾರೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳಿತ್ತು. ಲೆಕ್ಕ ಹಾಕಿದರೂ ಇದು ಹೀಗೇ ಆಗಬೇಕು. ಜರ್ಮನಿಯ ಯೋರ್ನ್ ರಿಟ್ವೇಗರ್ ತಂಡ ಪ್ಲೇಟ್ ಮೇಲಿದ್ದವರ ಉಸಿರಾಟವನ್ನು ಅಳೆದು, ಕಂಪನಕ್ಕೆ ಬೇಕಾಗುವ ಶಕ್ತಿ ಸಾಧಾರಣ ವೇಗದ ನಡಿಗೆಗೆ ಬೇಕಾಗುವಷ್ಟು ಎಂದು ತೋರಿಸಿತು. ಅದು ಕಡಿಮೆಯೇನಲ್ಲ. ಆದರೆ ನಡಿಗೆಯನ್ನು ಮುಕ್ಕಾಲು ಗಂಟೆ ಮಾಡಬಹುದು, ಪ್ಲೇಟ್ ಮೇಲೆ ಹತ್ತು ಹದಿನೈದು ನಿಮಿಷ ಮೀರಿ ನಿಲ್ಲುವುದು ಕಷ್ಟ, ಸೂಕ್ತವೂ ಅಲ್ಲ. ಎಪ್ಪತ್ತು ಕೆ.ಜಿ. ತೂಗುವವರು ಹತ್ತು ನಿಮಿಷದಲ್ಲಿ ಹೆಚ್ಚುವರಿಯಾಗಿ ಕಳೆಯುವುದು ಉದಾರವಾಗಿ ಲೆಕ್ಕ ಹಿಡಿದರೂ 30ರಿಂದ 40 ಕಿಲೋ ಕ್ಯಾಲೊರಿ, ಹತ್ತಿರಹತ್ತಿರ ಒಂದು ಸಣ್ಣ ಇಡ್ಲಿಯಷ್ಟು. ಒಂದು ಕೆ.ಜಿ. ದೇಹದ ಕೊಬ್ಬಿನಲ್ಲಿ ಅಡಗಿರುವುದು ಸುಮಾರು 7,700 ಕಿಲೋ ಕ್ಯಾಲೊರಿ. ದಿನ ತಪ್ಪದೆ ನಿಂತರೂ, ತಿನ್ನುವುದು ಒಂದಿಷ್ಟೂ ಹೆಚ್ಚದಿದ್ದರೂ, ಒಂದು ಕೆ.ಜಿ. ಇಳಿಯಲು ಆರೂವರೆಯಿಂದ ಎಂಟೂವರೆ ತಿಂಗಳು ಬೇಕು.

ಇದಕ್ಕೆ ಉತ್ತರವಾಗಿ ಪ್ಲೇಟ್‌ನ ಪರ ಇರುವವರು ಆಂಟ್ವೆರ್ಪ್‌ನ ಅಧ್ಯಯನವನ್ನು ಮುಂದಿಡುತ್ತಾರೆ, ಮುಂದಿಡಬೇಕಾದ್ದೂ ಹೌದು. ಡಿರ್ಕ್ ವಿಸ್ಸರ್ಸ್ ಮತ್ತು ಸಂಗಡಿಗರು ತೂಕ ಹೆಚ್ಚಿದ್ದ 79 ಮಂದಿಯನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಬರೀ ಪಥ್ಯ, ಇನ್ನೊಂದಕ್ಕೆ ಪಥ್ಯ ಮತ್ತು ಸಾಮಾನ್ಯ ವ್ಯಾಯಾಮ, ಮೂರನೆಯದಕ್ಕೆ ಪಥ್ಯ ಮತ್ತು ಕಂಪನ, ನಾಲ್ಕನೆಯದಕ್ಕೆ ಏನೂ ಇಲ್ಲ. ಆರು ತಿಂಗಳು ತರಬೇತಿ, ಮತ್ತೆ ಆರು ತಿಂಗಳು ಅವರವರ ಪಾಡಿಗೆ. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ವರ್ಷದ ಕೊನೆಗೂ ಶೇ 5ರಷ್ಟು ತೂಕ ಇಳಿಕೆಯನ್ನು ಉಳಿಸಿಕೊಂಡದ್ದು ವ್ಯಾಯಾಮದ ಗುಂಪು ಮತ್ತು ಕಂಪನದ ಗುಂಪು ಮಾತ್ರ. ಹೊಟ್ಟೆಯೊಳಗೆ ಅಂಗಾಂಗಗಳ ಸುತ್ತ ಸೇರುವ ಅಪಾಯಕಾರಿ ಕೊಬ್ಬು ಅತಿ ಹೆಚ್ಚು ಇಳಿದದ್ದು ಕಂಪನದ ಗುಂಪಿನಲ್ಲೇ. ಈ ಫಲಿತಾಂಶವನ್ನು ನಾನು ಮುಚ್ಚಿಡಲಾರೆ. ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಅತ್ಯಂತ ಬಲವಾದ ಸಾಕ್ಷ್ಯ ಇದೇ. ಆದರೆ ಅದರ ಒಳಗೆ ಇಳಿದು ನೋಡಬೇಕು. ಗುಂಪೊಂದಕ್ಕೆ ಸರಾಸರಿ ಇಪ್ಪತ್ತು ಜನ, ಒಬ್ಬರಿಂದ ಒಬ್ಬರಿಗೆ ಫಲದಲ್ಲಿ ದೊಡ್ಡ ಏರಿಳಿತ. ಕಂಪನದವರೂ ಪಥ್ಯದಲ್ಲಿದ್ದರು. ಹಲಗೆಯ ಮೇಲೆ ಅವರು ಸುಮ್ಮನೆ ನಿಂತಿರಲಿಲ್ಲ, ಬಸ್ಕಿಯಂಥ ಕಸರತ್ತುಗಳನ್ನು ಮಾಡುತ್ತಿದ್ದರು, ಅದೂ ಮೇಲ್ವಿಚಾರಕರ ಕಣ್ಣೆದುರಿಗೆ. ಅಧ್ಯಯನ ತೋರಿಸಿದ್ದು ಕಟ್ಟುನಿಟ್ಟಿನ ಪಥ್ಯದ ಜೊತೆ, ತರಬೇತುದಾರರ ಮುಂದೆ, ಹಲಗೆಯ ಮೇಲೆ ಬಸ್ಕಿ ಹೊಡೆದವರಿಗೆ ಲಾಭವಾಗಬಹುದು ಎಂದು. ಟಿ.ವಿ. ನೋಡುತ್ತ ಹಲಗೆಯ ಮೇಲೆ ನಿಂತವರ ಕುರಿತು ಅದರಲ್ಲಿ ಒಂದು ಮಾತೂ ಇಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಜಾಣತನದ್ದು. ಕಂಪನ ಕೊಬ್ಬನ್ನು ನೇರವಾಗಿ ಕರಗಿಸದಿದ್ದರೇನಂತೆ, ಸ್ನಾಯುವನ್ನು ಬೆಳೆಸುತ್ತದಲ್ಲ, ಸ್ನಾಯು ಹೆಚ್ಚಾದರೆ ಕೂತಲ್ಲೇ ಹೆಚ್ಚು ಕ್ಯಾಲೊರಿ ಉರಿಯುತ್ತದಲ್ಲ ಎನ್ನುವುದು ಆ ವಾದ. ಇದನ್ನು ಜಿಮ್ ತರಬೇತುದಾರರ ಬಾಯಲ್ಲಿ ಮೇಲಿಂದ ಮೇಲೆ ಕೇಳುತ್ತೇವೆ. ವಿಶ್ರಾಂತಿಯಲ್ಲಿರುವ ಒಂದು ಕೆ.ಜಿ. ಸ್ನಾಯು ದಿನಕ್ಕೆ ಬಳಸುವುದು ಸುಮಾರು 13 ಕಿಲೋ ಕ್ಯಾಲೊರಿ. ತಿಂಗಳುಗಟ್ಟಲೆ ದುಡಿದು ಒಂದು ಕೆ.ಜಿ. ಸ್ನಾಯು ಗಳಿಸಿದರೂ ದಿನದ ಖರ್ಚು ಅಷ್ಟೇ ಏರುತ್ತದೆ, ಅರ್ಧ ಬಿಸ್ಕತ್ತಿಗೂ ಸಮವಲ್ಲ. ಸ್ನಾಯು ಬೇಕು, ಬೇಕೇ ಬೇಕು, ಆದರೆ ಅದು ಬೊಜ್ಜು ಸುಡುವ ಒಲೆ ಎಂಬ ಕಾರಣಕ್ಕಲ್ಲ. ಊಟದ ಬಳಿಕ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯು. ಎಡವಿದಾಗ ಬೀಳದಂತೆ ಹಿಡಿಯುವುದು ಸ್ನಾಯು. ಮುಪ್ಪಿನಲ್ಲಿ ಕುರ್ಚಿಯಿಂದ ತಾನಾಗಿ ಏಳಬಲ್ಲವರಿಗೂ ಇನ್ನೊಬ್ಬರ ಕೈ ಹಿಡಿದೇ ಏಳಬೇಕಾದವರಿಗೂ ನಡುವಿನ ವ್ಯತ್ಯಾಸ ತೊಡೆಯ ಸ್ನಾಯುವಿನದು. ಇವುಗಳ ಬೆಲೆಯನ್ನು ಕ್ಯಾಲೊರಿಯಲ್ಲಿ ಅಳೆಯಲು ಹೊರಟದ್ದೇ ದಾರಿ ತಪ್ಪಿಸಿದ್ದು.

ಸ್ನಾಯುವಿನ ಸಾಕ್ಷ್ಯ ಇಲ್ಲಿಂದ ಶುರುವಾಗುತ್ತದೆ. ಲ್ಯೂವೆನ್‌ನ ಅದೇ ತಂಡದ ಡೆಲೆಕ್ಲೂಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 67 ಯುವತಿಯರಿದ್ದರು. ಒಂದು ಗುಂಪು 12 ವಾರ ಅದುರುವ ಹಲಗೆಯ ಮೇಲೆ ಕಸರತ್ತು ಮಾಡಿತು, ಇನ್ನೊಂದು ಜಿಮ್ ಯಂತ್ರಗಳಲ್ಲಿ ಭಾರ ಎತ್ತಿತು, ಮೂರನೆಯ ಗುಂಪಿಗೆ ಹುಸಿ ಹಲಗೆ: ಮೋಟಾರಿನ ಸದ್ದು, ಅದೇ ಕಸರತ್ತು, ಆದರೆ ಕಂಪನ ಲೆಕ್ಕಕ್ಕಿಲ್ಲದಷ್ಟು. ಮಂಡಿ ಚಾಚುವ ಸ್ನಾಯುವಿನ ಬಲ ಕಂಪನದ ಗುಂಪಿನಲ್ಲಿ ಶೇ 16.6, ಭಾರ ಎತ್ತಿದ ಗುಂಪಿನಲ್ಲಿ ಶೇ 14.4 ಹೆಚ್ಚಿತು. ಹುಸಿ ಹಲಗೆಯವರಲ್ಲಿ ಹೆಚ್ಚಲಿಲ್ಲ. ಇಡೀ ಪ್ರಯೋಗದ ಜೀವ ಈ ಮೂರನೆಯ ಗುಂಪಿನಲ್ಲಿದೆ, ಏಕೆಂದರೆ ಬಲ ಬಂದದ್ದು ಕಸರತ್ತಿನಿಂದಲೋ ಕಂಪನದಿಂದಲೋ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ. ಮರುವರ್ಷ ಅದೇ ತಂಡದ ವರ್ಶೂರೆನ್ ಅವರು ಮುಟ್ಟು ನಿಂತ, 58ರಿಂದ 74 ವಯಸ್ಸಿನ ಹೆಂಗಸರಲ್ಲಿ ಆರು ತಿಂಗಳ ಬಳಿಕ ಬಲ ಸುಮಾರು ಶೇ 15 ಏರಿದ್ದನ್ನೂ, ಸೊಂಟದ ಮೂಳೆಯ ಸಾಂದ್ರತೆ ಶೇ 1ರ ಹತ್ತಿರ ಹೆಚ್ಚಿದ್ದನ್ನೂ ತೋರಿಸಿದರು. ಬರ್ಲಿನ್‌ನಲ್ಲಿ 2003ರಿಂದ 2005ರವರೆಗೆ ನಡೆದ ಪ್ರಯೋಗ ಇನ್ನೂ ಕಠಿಣ. ಇಪ್ಪತ್ತು ಆರೋಗ್ಯವಂತ ಯುವಕರು ಎಂಟು ವಾರ ಹಾಸಿಗೆ ಬಿಟ್ಟು ಏಳಲಿಲ್ಲ. ಗಗನಯಾತ್ರಿಗಳ ದೇಹ ಕ್ಷೀಣಿಸುವ ಬಗೆಯನ್ನು ನೆಲದ ಮೇಲೆಯೇ ತಿಳಿಯುವ ವಿಧಾನ ಅದು. ಅವರಲ್ಲಿ ಅರ್ಧ ಜನ ಮಲಗಿದ್ದಂತೆಯೇ, ಪಟ್ಟಿಗಳಿಂದ ಮೈಯನ್ನು ಬಿಗಿಯಾಗಿ ಎಳೆಸಿಕೊಂಡು, ಕಂಪಿಸುವ ಹಲಗೆಯನ್ನು ಕಾಲಿನಿಂದ ಒತ್ತುತ್ತ ವ್ಯಾಯಾಮ ಮಾಡಿದರು. ಸುಮ್ಮನೆ ಮಲಗಿದವರ ಕಾಲಿನ ಸ್ನಾಯುವೂ ಮೂಳೆಯೂ ಸವೆದವು, ಕಂಪನದವರಲ್ಲಿ ಬಹುಮಟ್ಟಿಗೆ ಉಳಿದವು.

ಆದರೂ ಇಲ್ಲೂ ಉತ್ಸಾಹಕ್ಕೆ ಕಡಿವಾಣ ಬೇಕು. ಸ್ವೀಡನ್ನಿನ ನಾರ್ಡ್‌ಲುಂಡ್ ಮತ್ತು ಥಾರ್ಸ್ಟೆನ್‌ಸನ್ 2007ರಲ್ಲಿ ಲಭ್ಯವಿದ್ದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ, ಅದೇ ಕಸರತ್ತನ್ನು ಕಂಪನವಿಲ್ಲದೆ ಮಾಡಿದವರಿಗೆ ಹೋಲಿಸಿದರೆ ಕಂಪನದಿಂದ ಬರುವ ಹೆಚ್ಚುವರಿ ಬಲ ಅಲ್ಪ ಅಥವಾ ಇಲ್ಲವೇ ಇಲ್ಲ ಎಂಬ ತೀರ್ಮಾನಕ್ಕೆ ಬಂದರು. ಹಾಗಾದರೆ ಗರಡಿ ಮನೆಯ ಬಸ್ಕಿಯೇ ಸಾಕಲ್ಲ, ಹಲಗೆ ಏಕೆ ಎಂದು ಕೇಳಿದರೆ, ಬಸ್ಕಿ ಹೊಡೆಯಬಲ್ಲವರ ಮಟ್ಟಿಗೆ ನನ್ನ ಉತ್ತರ ಸಾಕು ಎಂದೇ. ಆರೋಗ್ಯವಾಗಿರುವ, ನಡೆಯಬಲ್ಲ, ಮೆಟ್ಟಿಲು ಹತ್ತಬಲ್ಲ ವ್ಯಕ್ತಿಗೆ ಈ ಯಂತ್ರ ಕೊಡುವ ಹೆಚ್ಚಿನದೇನೂ ಇಲ್ಲ. ಬಸ್ಕಿ ಹೊಡೆಯಲಾಗದವರ ವಿಷಯಕ್ಕೆ ಬಂದಾಗ ಮಾತ್ರ ಲೆಕ್ಕ ಬದಲಾಗುತ್ತದೆ. ಮಂಡಿ ನೋವಿನಿಂದ ಭಾರ ಹೊರಲಾಗದ ಅಜ್ಜಿ, ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಎದ್ದ ರೋಗಿ, ಅತಿ ತೂಕದಿಂದಾಗಿ ಹತ್ತು ಹೆಜ್ಜೆಗೆ ಏದುಸಿರು ಬಿಡುವವರು, ಇಂಥವರಿಗೆ ಅರ್ಧ ಮಂಡಿ ಬಾಗಿಸಿ, ಕೈಗೆ ಆಸರೆ ಹಿಡಿದು, ನಿಂತಲ್ಲೇ ಸ್ನಾಯುವಿಗೆ ಕೆಲಸ ಕೊಡುವ ದಾರಿಗಳು ಹೆಚ್ಚಿಲ್ಲ.

ಈ ಮಾತಿಗೆ ನಾನು ನೆಚ್ಚುವ ಸಾಕ್ಷ್ಯ ಹಾಂಗ್‌ಕಾಂಗ್‌ನದು. ಅಲ್ಲಿನ ಸಮುದಾಯ ಕೇಂದ್ರಗಳಲ್ಲಿ 710 ವಯಸ್ಸಾದ ಹೆಂಗಸರ ಮೇಲೆ ಲ್ಯೂಂಗ್ ಕ್ವೊಕ್-ಸುಯಿ ಅವರ ತಂಡ 18 ತಿಂಗಳು ನಡೆಸಿದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ವಾರಕ್ಕೆ ಐದು ದಿನ, ದಿನಕ್ಕೆ 20 ನಿಮಿಷ, ಸೆಕೆಂಡಿಗೆ 35 ಬಾರಿ, ಮೆಲುವಾದ ಬಗೆಯ ಕಂಪನ. ಕೊನೆಗೆ ಕಂಪನದ ಗುಂಪಿನಲ್ಲಿ ಬಿದ್ದವರು ಅಥವಾ ಮೂಳೆ ಮುರಿದುಕೊಂಡವರು ಶೇ 18.6, ಕಂಪನವಿಲ್ಲದ ಗುಂಪಿನಲ್ಲಿ ಶೇ 28.7. ತೊಡೆಯ ಸ್ನಾಯುವಿನ ಬಲವೂ ದೇಹದ ಸಮತೋಲವೂ ಉತ್ತಮಗೊಂಡಿದ್ದವು. ಆದರೆ ಮೂಳೆಯ ಸಾಂದ್ರತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಇದೊಂದು ಬಹಳ ಅರ್ಥಪೂರ್ಣ ಫಲಿತಾಂಶ. ರೂಬಿನ್ ಅವರ 2001ರ ಪ್ರಸಿದ್ಧ ಪ್ರಯೋಗದಲ್ಲಿ ದಿನಕ್ಕೆ 20 ನಿಮಿಷದಂತೆ ಒಂದು ವರ್ಷ ಮೆಲುಕಂಪನ ಪಡೆದ ಕುರಿಗಳ ತೊಡೆಮೂಳೆಯ ಒಳಜಾಲದ ಸಾಂದ್ರತೆ ಶೇ 34 ಹೆಚ್ಚಿತ್ತು. ಅದನ್ನು ನಂಬಿ ಮನುಷ್ಯರಲ್ಲಿ ಪರೀಕ್ಷಿಸಿದಾಗ ಟೊರಾಂಟೊದಲ್ಲಿ 202 ಹೆಂಗಸರಲ್ಲಿ ವರ್ಷವಿಡೀ, ಅಮೆರಿಕದಲ್ಲಿ 174 ಹಿರಿಯರಲ್ಲಿ ಎರಡು ವರ್ಷ ನಡೆದ ಪ್ರಯೋಗಗಳೆರಡರಲ್ಲೂ ಮೂಳೆಗೆ ಲಾಭ ಕಾಣಲಿಲ್ಲ. ಕುರಿಯಲ್ಲಿ ಕಂಡದ್ದು ಮನುಷ್ಯರಲ್ಲಿ ಕಾಣದೆ ಹೋದದ್ದು ಮೂಳೆಯ ಪಾಠವಾದರೆ, ಇಲಿಯ ಕೊಬ್ಬಿನ ಕಥೆಯನ್ನೂ ಅದೇ ಎಚ್ಚರದಿಂದ ಓದಬೇಕು. ಪ್ರಾಣಿಯಿಂದ ಮನುಷ್ಯನವರೆಗೆ ಕಳಚಿಕೊಳ್ಳದೆ ಉಳಿದು ಬಂದಿರುವುದು ಕಾಲಿನ ಬಲ ಮತ್ತು ಸಮತೋಲ.

ನಮ್ಮ ನಾಡಿನಲ್ಲಿ ಈ ವ್ಯತ್ಯಾಸಕ್ಕೆ ಹೆಚ್ಚಿನ ತೂಕವಿದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು ಭಾರತೀಯರ ದೇಹರಚನೆಯ ಬಗ್ಗೆ ದಶಕಗಳಿಂದ ಹೇಳುತ್ತ ಬಂದಿದ್ದಾರೆ: ನೋಡಲು ತೆಳ್ಳಗೆ, ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಐಸಿಎಂಆರ್-ಇಂಡಿಯಾಬ್ ಅಧ್ಯಯನದ 2023ರ ವರದಿಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, ಶೇ 39.5 ಮಂದಿಗೆ ಹೊಟ್ಟೆಯ ಬೊಜ್ಜು. ಇಂಥ ದೇಹಕ್ಕೆ ತೂಕದ ಯಂತ್ರ ಸರಿಯಾದ ಅಳತೆಗೋಲಲ್ಲ. ಊಟ ಬಿಟ್ಟು ಐದು ಕೆ.ಜಿ. ಇಳಿಸಿಕೊಂಡವರು ಆ ಐದರಲ್ಲಿ ಒಂದೆರಡು ಕೆ.ಜಿ. ಸ್ನಾಯುವನ್ನೇ ಕಳೆದುಕೊಂಡಿರಬಹುದು. 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ತೂಕ ಇಳಿಸುವ ಚುಚ್ಚುಮದ್ದುಗಳ ವಿಷಯದಲ್ಲೂ ವೈದ್ಯರ ಒಂದು ಮುಖ್ಯ ಆತಂಕ ಇದೇ, ಕೊಬ್ಬಿನ ಜೊತೆ ಸ್ನಾಯುವೂ ಇಳಿಯುತ್ತದೆಂಬುದು. ಹಾಗಾಗಿ ಬೊಜ್ಜಿನ ಚಿಕಿತ್ಸೆಯಲ್ಲಿ ಕಂಪನಕ್ಕೆ ಒಂದು ಜಾಗವಿದ್ದರೆ ಅದು ಕೊಬ್ಬು ಕರಗಿಸುವ ಜಾಗವಲ್ಲ, ಪಥ್ಯವೂ ಔಷಧವೂ ಕೊಬ್ಬು ಇಳಿಸುತ್ತಿರುವಾಗ ಸ್ನಾಯುವನ್ನು ಕಾಯುವ ಜಾಗ. ಅದೂ ನಡೆಯಲು, ಭಾರ ಎತ್ತಲು ಆಗದವರ ಪಾಲಿಗೆ. ಆಗುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆ ನೇರವಾಗಿದೆ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ.

ಕಂಪನ ಅಪಾಯವಲ್ಲವೇ ಎಂಬ ಪ್ರಶ್ನೆಯೂ ನ್ಯಾಯವಾದದ್ದು. ವರ್ಷಗಟ್ಟಲೆ ಬಸ್ಸು, ಲಾರಿ, ಟ್ರ್ಯಾಕ್ಟರ್ ಓಡಿಸುವವರ ಸೊಂಟ ನೋವಿಗೆ ಸೀಟಿನಿಂದ ಬರುವ ಕಂಪನ ಒಂದು ಕಾರಣ ಎಂಬುದು ಔದ್ಯೋಗಿಕ ವೈದ್ಯಶಾಸ್ತ್ರದಲ್ಲಿ ಒಪ್ಪಿತವಾದ ವಿಷಯ. ಇದಕ್ಕಾಗಿಯೇ ಐರೋಪ್ಯ ಒಕ್ಕೂಟ 2002ರಲ್ಲಿ ಕೆಲಸಗಾರರ ದೇಹಕ್ಕೆ ತಟ್ಟುವ ಕಂಪನಕ್ಕೆ ದಿನದ ಮಿತಿಯನ್ನು ನಿಗದಿಪಡಿಸಿತು. ಚಾಲಕನಿಗೆ ಕೇಡು ಮಾಡುವುದು ಅಜ್ಜಿಗೆ ಮದ್ದಾಗುವುದು ಹೇಗೆ? ಉತ್ತರ ಪ್ರಮಾಣದಲ್ಲೂ ಭಂಗಿಯಲ್ಲೂ ಇದೆ. ಚಾಲಕ ಕೂತಿರುತ್ತಾನೆ, ಕಂಪನ ನೇರವಾಗಿ ಬೆನ್ನುಮೂಳೆಗೆ ಏರುತ್ತದೆ, ಎಂಟು ಹತ್ತು ಗಂಟೆ ಏರುತ್ತಲೇ ಇರುತ್ತದೆ. ಅದರ ವೇಗವೂ ಸೆಕೆಂಡಿಗೆ ಕೆಲವೇ ಬಾರಿ, ಬೆನ್ನು ತಾನೂ ಅದರೊಡನೆ ತೂಗತೊಡಗುವ ವ್ಯಾಪ್ತಿಯದು. ಪ್ಲೇಟ್‌ನ ಕಂಪನ ಅದಕ್ಕಿಂತ ಬಹಳ ವೇಗದ್ದು, ನಿಮಿಷಗಳ ಲೆಕ್ಕದ್ದು, ಮಂಡಿ ಬಾಗಿಸಿ ನಿಂತರೆ ಕಾಲಿನಲ್ಲೇ ಬಹುಪಾಲು ಇಂಗಿಹೋಗುವಂಥದ್ದು. ಆದರೆ ಮಂಡಿ ಬಾಗಿಸಿ ನಿಂತರೆ ಎಂಬ ಆ ಷರತ್ತು ಸಣ್ಣದಲ್ಲ. ರೂಬಿನ್ ಅವರೂ ಸೇರಿ 2013ರಲ್ಲಿ ಮಾರುಕಟ್ಟೆಯ ಪ್ಲೇಟ್‌ಗಳನ್ನು ಅಳೆದು ನೋಡಿದ ಸಂಶೋಧಕರು, ಅವುಗಳಲ್ಲಿ ಕೆಲವು ಅಲ್ಪ ಹೊತ್ತಿಗೂ ಸುರಕ್ಷಿತವಲ್ಲದಷ್ಟು ತೀವ್ರವಾಗಿವೆ ಎಂದು ಎಚ್ಚರಿಸಿದರು. ಕಾಲು ನೆಟ್ಟಗೆ ಮಾಡಿ ನಿಂತರೆ ಕಂಪನ ತಲೆಯವರೆಗೂ ಹೋಗುತ್ತದೆ. ಕಣ್ಣಿನಲ್ಲಿ ಕೃತಕ ಮಸೂರ ಜಾರಿದ, ಒಳಗೆ ರಕ್ತಸ್ರಾವವಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಗರ್ಭಿಣಿಯರು, ಪೇಸ್‌ಮೇಕರ್ ಇರುವವರು, ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು, ಇತ್ತೀಚೆಗೆ ಮೂಳೆ ಮುರಿದವರು ಅಥವಾ ಶಸ್ತ್ರಚಿಕಿತ್ಸೆ ಆದವರು, ಮೂತ್ರಪಿಂಡದಲ್ಲೋ ಪಿತ್ತಕೋಶದಲ್ಲೋ ಕಲ್ಲಿರುವವರು, ಅಕ್ಷಿಪಟಲದ ತೊಂದರೆಯವರು, ಮೂರ್ಛೆ ರೋಗದವರು ಇದನ್ನು ಹತ್ತಬಾರದು. ದೀರ್ಘಕಾಲದ ಸಕ್ಕರೆ ಕಾಯಿಲೆಯವರಲ್ಲಿ ಅಕ್ಷಿಪಟಲದ ಹಾನಿ ಸಾಮಾನ್ಯ, ಎಷ್ಟೋ ಬಾರಿ ಅವರಿಗೇ ತಿಳಿಯದಂತೆ ಇರುತ್ತದೆ. ಬೊಜ್ಜು ಮತ್ತು ಸಕ್ಕರೆ ಎರಡೂ ಇರುವವರಿಗೆ ಕಣ್ಣಿನ ಪರೀಕ್ಷೆ ಕೇಳದೆ ಈ ಹಲಗೆ ಮಾರುವುದನ್ನು ನಾನು ಸಣ್ಣ ತಪ್ಪೆಂದು ಬಿಡಲಾರೆ.

ಪ್ಲೇಟ್ ಮನೆಗೆ ತರಬೇಕೋ ಬೇಡವೋ ಎಂಬ ಪ್ರಶ್ನೆಗೆ ಮೊದಲು ನೋಡಬೇಕಾದ್ದು ತೂಕವನ್ನಲ್ಲ. ಎದೆಯ ಮೇಲೆ ಕೈ ಕಟ್ಟಿಕೊಂಡು, ಕುರ್ಚಿಯಿಂದ ಐದು ಬಾರಿ ಎದ್ದು ಕೂರಲು ಎಷ್ಟು ಹೊತ್ತು ಬೇಕು ನೋಡಿ. ಸ್ನಾಯು ಕ್ಷಯದ ಬಗ್ಗೆ ಏಷ್ಯಾದ ತಜ್ಞರ ಕಾರ್ಯಪಡೆ 2019ರಲ್ಲಿ ಇಟ್ಟ ಗೆರೆ 12 ಸೆಕೆಂಡು. ಅದಕ್ಕಿಂತ ಬೇಗ ಏಳಬಲ್ಲವರಿಗೆ ಪಾರ್ಕಿನ ನಡಿಗೆಯೂ ನಾಲ್ಕು ಬಸ್ಕಿಯೂ ಪ್ಲೇಟ್‌ಗಿಂತ ಮೇಲು, ಹಣವೂ ಬೇಡ. ಹೆಚ್ಚು ಹೊತ್ತು ಬೇಕಾದವರು, ಏಳಲೇ ಆಗದವರು ಫಿಸಿಯೊಥೆರಪಿಸ್ಟ್ ಬಳಿ ಹೋಗಬೇಕು. ಅಲ್ಲಿ ಹಲಗೆ ಒಂದು ಆಯ್ಕೆಯಾಗಬಹುದು: ಎಷ್ಟು ವೇಗ, ಎಷ್ಟು ಎತ್ತರ, ಎಷ್ಟು ನಿಮಿಷ ಎಂದು ಬರೆದುಕೊಟ್ಟು, ಮಂಡಿಯ ಕೋನ ನೋಡಿ ನಿಲ್ಲಿಸಿ, ತಿಂಗಳಿಗೊಮ್ಮೆ ಮತ್ತೆ ಅದೇ ಕುರ್ಚಿ ಪರೀಕ್ಷೆ ಮಾಡಿ. ಹಾಂಗ್‌ಕಾಂಗ್ ಈ ಹಲಗೆಗಳನ್ನು ಇಟ್ಟದ್ದು ಸೌಂದರ್ಯ ಕೇಂದ್ರಗಳಲ್ಲಿ ಅಲ್ಲ, ಹಿರಿಯರು ದಿನವೂ ಬಂದು ಸೇರುವ ಸಮುದಾಯ ಕೇಂದ್ರಗಳಲ್ಲಿ. ನಮ್ಮಲ್ಲೂ ತಾಲ್ಲೂಕು ಆಸ್ಪತ್ರೆಗಳ ಫಿಸಿಯೊಥೆರಪಿ ವಿಭಾಗಗಳಿವೆ, ವೃದ್ಧಾಶ್ರಮಗಳಿವೆ, ಹಿರಿಯ ನಾಗರಿಕರ ಸಂಘಗಳಿವೆ. ಅವುಗಳಲ್ಲಿ ಕೆಲವೆಡೆ ಮೆಲುಕಂಪನದ ಹಲಗೆಯಿಟ್ಟು, ಕೆಲವೆಡೆ ಅದೇ ಹೊತ್ತನ್ನು ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸಕ್ಕೆ ಕೊಟ್ಟು, ಒಂದೂವರೆ ವರ್ಷದ ಬಳಿಕ ಎರಡೂ ಕಡೆ ಎಷ್ಟು ಜನ ಬಿದ್ದರೆಂದು ಎಣಿಸಿದರೆ, ಕನ್ನಡ ನಾಡಿನ ಕಾಲುಗಳಿಗೆ ಈ ಯಂತ್ರ ಬೇಕೋ, ಬರೀ ಕುರ್ಚಿ ಸಾಕೋ ಎಂಬುದು ಗೊತ್ತಾಗುತ್ತದೆ.